ಮಂಜು ಎಂದು ಬರೆದ ಹೊಗೆ

ಮೊದಲೇ ಹೇಳಿಬಿಡುತ್ತೇನೆ, ಆ ಹೊಗೆ ನನ್ನದು. ನಾನು ಹಚ್ಚಿದ ಬೆಂಕಿ, ನಾನು ಮುಚ್ಚಿದ ಮಣ್ಣು, ನಾನೇ ಕೈಯಾರೆ ಮೇಲೆ ಎಸೆದ ಹಸಿ ಕಳೆ. ಇಷ್ಟನ್ನು ಬಾಯಿ ಬಿಟ್ಟು ಹೇಳಲಿಕ್ಕೆ ನನಗೆ ಹನ್ನೊಂದು ದಿನ ಬೇಕಾಯಿತು. ಕೆಳಗೆ ಕಾಮೆಂಟಿನಲ್ಲಿ ಯಾರೂ ಸಮಾಧಾನ ಹೇಳಬೇಡಿ. ಸಮಾಧಾನ ಬೇಕಾಗಿರುವುದು ಬೇರೆಯವರಿಗೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮನೆ ಕೋಡಿಂಬಾಳದ ಹತ್ತಿರ, ರಸ್ತೆಯ ಒಂದು ತಿರುವಿನ ಕೆಳಗೆ. ರಸ್ತೆ ಮೇಲೆ, ಮನೆ ತಗ್ಗಿನಲ್ಲಿ. ನಮ್ಮ ತಾರಸಿಯೂ ಡಾಮರು ರಸ್ತೆಯೂ ಹೆಚ್ಚುಕಡಿಮೆ ಒಂದೇ ಮಟ್ಟ. ಎರಡು ವರ್ಷದ ಹಿಂದೆ ಒಂದು ಸಂಶೋಧನಾ ತಂಡದವರು ಜಾಗ ಹುಡುಕಿಕೊಂಡು ಬಂದು, ಈ ತಾರಸಿಯೇ ಸರಿ ಎಂದು ಒಂದು ಯಂತ್ರವನ್ನು ಕೂರಿಸಿ ಹೋದರು. ನೋಡಿಕೊಳ್ಳುವ ಕೆಲಸ ನನ್ನದು.

ಯಂತ್ರ ಎಂದರೆ ದೊಡ್ಡದೇನಲ್ಲ, ಒಂದು ಟ್ರಂಕಿನಷ್ಟು. ಮೇಲಿನ ಕೊಳವೆಯಿಂದ ಗಾಳಿ ಎಳೆದುಕೊಳ್ಳುತ್ತದೆ. ಒಳಗೆ ಕಪ್ಪು ಕತ್ತಲೆಯ ಡಬ್ಬಿ, ಅದರಲ್ಲಿ ಒಂದು ದೀಪ. ದೀಪ ನೇರವಾಗಿ ಕಾಣದ ಹಾಗೆ ಇಟ್ಟ ಒಂದು ಕಣ್ಣು. ಗಾಳಿ ಶುದ್ಧವಿದ್ದರೆ ಆ ಕಣ್ಣಿಗೆ ಹೆಚ್ಚುಕಡಿಮೆ ಏನೂ ಕಾಣುವುದಿಲ್ಲ. ಗಾಳಿಯಲ್ಲಿ ಧೂಳು, ಹೊಗೆಯ ಕಣಗಳಿದ್ದರೆ ಬೆಳಕು ಅವಕ್ಕೆ ತಾಗಿ ಚೆದರುತ್ತದೆ, ಚೆದರಿದ್ದು ಕಣ್ಣಿಗೆ ಬೀಳುತ್ತದೆ. ಎಷ್ಟು ಚೆದರಿತು ಎನ್ನುವುದನ್ನು ನಿಮಿಷಕ್ಕೊಮ್ಮೆ ಬರೆದಿಡುತ್ತದೆ. ಬೆಳಕು ಹೆಚ್ಚು ಚೆದರಿದಷ್ಟು ದೂರದ್ದು ನಮ್ಮ ಕಣ್ಣಿಗೆ ಕಡಿಮೆ ಕಾಣುತ್ತದೆ. ಮಾಡಿನ ಹೆಂಚಿನ ಸಂದಿನಿಂದ ಬಿಸಿಲಿನ ಕೋಲು ಅಡುಗೆಮನೆಗೆ ಬಿದ್ದಾಗ ಹೊಗೆ ಬೆಳ್ಳಗೆ ಹೊಳೆಯುವುದನ್ನು ನೀವು ನೋಡಿದ್ದೀರಿ. ಅದೇ. ಹತ್ತನೇ ಕ್ಲಾಸಿನ ಮಕ್ಕಳಿಗೆ ನಾನು ಹೇಳುವುದೂ ಇಷ್ಟೇ.

ಯಂತ್ರದ ಜೊತೆಗೆ ಕಣ್ಣಿನ ಅಳತೆಯೂ ಉಂಟು. ಬೆಳಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗ ತಾರಸಿ ಹತ್ತಿ, ಗೊತ್ತಾದ ದೂರದ ಗುರುತುಗಳಲ್ಲಿ ಯಾವುದು ಕಾಣುತ್ತದೆ, ಯಾವುದು ಇಲ್ಲ ಎಂದು ಪುಸ್ತಕದಲ್ಲಿ ಬರೆಯಬೇಕು. ಮೊದಲು ತಿರುವಿನ ಮೋರಿ, ಆಮೇಲೆ ಮಸೀದಿಯ ಮಿನಾರು, ಅದರಾಚೆ ಮೊಬೈಲ್ ಟವರ್, ಕೊನೆಗೆ ಘಟ್ಟದ ಗೆರೆ. ಕಾಣದಿದ್ದರೆ ಕಾರಣ ಬರೆಯಲಿಕ್ಕೆ ಪಕ್ಕದಲ್ಲಿ ಒಂದು ಖಾನೆ. ಮಳೆ, ಮಂಜು, ಹೊಗೆ. ಇದನ್ನೇ ಒಂದು ಫೋಟೋ ಸಮೇತ ನಾನು ಫೇಸ್‌ಬುಕ್ಕಿಗೂ ಹಾಕುತ್ತಿದ್ದೆ, "ಇವತ್ತು ಎಲ್ಲಿವರೆಗೆ" ಎಂದು. ಗಲ್ಫಿನಲ್ಲಿರುವ ನಮ್ಮೂರಿನವರಿಗೆ ಅದು ಇಷ್ಟ. ನನ್ನ ಗಂಡನಿಗೆ ತಮಾಷೆ.

"ಎಂತ ಹವಾಮಾನ ಇಲಾಖೆಯವರೇ, ಇವತ್ತು ಟವರ್ ಉಂಟಾ, ಇಲ್ಲಾ ಯಾರಾದ್ರೂ ಕದ್ದುಕೊಂಡು ಹೋದ್ರಾ?" ಎಂದು ಹಲ್ಲುಜ್ಜುತ್ತಾ ಕೆಳಗಿನಿಂದ ಕೇಳುತ್ತಿದ್ದರು.

ಆ ಕಾರಣದ ಖಾನೆಯಲ್ಲಿ ಎರಡು ವರ್ಷದಲ್ಲಿ ನಾನು "ಹೊಗೆ" ಎಂದು ಬರೆದದ್ದು ಒಂದೇ ಒಂದು ಸಲ, ಗುಡ್ಡಕ್ಕೆ ಬೆಂಕಿ ಬಿದ್ದಾಗ. ಉಳಿದ ಚಳಿಗಾಲವೆಲ್ಲ ಮಂಜು, ಮಂಜು, ಮಂಜು. ಆದರೆ ಚಳಿಗಾಲದಲ್ಲಿ ನಮ್ಮ ಕಡೆ ಸುಡುಮಣ್ಣು ಹಾಕದ ಮನೆ ಯಾವುದು? ತರಗೆಲೆ, ಒಣ ಕಡ್ಡಿ, ಅಡಿಕೆ ಸಿಪ್ಪೆ ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಅಡಿಯಿಂದ ಬೆಂಕಿ ಕೊಡುವುದು. ಅದು ಉರಿಯಬಾರದು. ಮೂರು ನಾಲ್ಕು ದಿನ ಒಳಗೊಳಗೇ ಬೇಯಬೇಕು. ಆ ಬೆಂದ ಮಣ್ಣು ಬಸಳೆಗೆ, ಸೌತೆಗೆ, ಅಲಸಂಡೆಗೆ ಬಂಗಾರ. ಅದರಿಂದ ಏಳುವುದನ್ನು ನಾವು ಯಾರೂ ಹೊಗೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಗೆ ಎಂದರೆ ಲಾರಿಯದ್ದು, ಪ್ಲಾಸ್ಟಿಕ್ ಸುಟ್ಟದ್ದು. ಸುಡುಮಣ್ಣಿನದ್ದು ಬೇಸಾಯ. ಸೊಳ್ಳೆ ಹೋಗುತ್ತದೆ, ಒಳ್ಳೆಯದೇ ಎನ್ನುತ್ತೇವೆ. ಯಂತ್ರದ ಹತ್ತಿರ ಏನೂ ಸುಡಬೇಡಿ, ಅಕ್ಕಪಕ್ಕದಲ್ಲಿ ಸುಟ್ಟರೆ ಬರೆದಿಡಿ ಎಂದು ತಂಡದವರು ಕೂರಿಸುವ ದಿನವೇ ಹೇಳಿದ್ದರು. ನಾನು ಹೂಂ ಎಂದಿದ್ದೆ. ಆಮೇಲೆ ಎರಡು ಚಳಿಗಾಲವೂ ರಸ್ತೆಗೆ ಹತ್ತುವ ಕಡಿದಾದ ಮಣ್ಣಿನ ಬರೆಯ ಬುಡದಲ್ಲಿ ನನ್ನ ಸುಡುಮಣ್ಣು ಬೆಂದಿತು. ಸುಡಬೇಡಿ ಎಂದಾಗ ಸುಡುಮಣ್ಣು ನನ್ನ ತಲೆಗೇ ಬಂದಿರಲಿಲ್ಲ. ಇದನ್ನು ನೀವು ನಂಬುವುದು ಕಷ್ಟ. ಆದರೆ ನಮ್ಮೂರಿನವರು ನಂಬುತ್ತಾರೆ.

ಈ ಜನವರಿಯ ಒಂದು ಮಂಗಳವಾರ. ತಾರಸಿ ಹತ್ತಿದೆ. ತೆಳ್ಳಗೆ ಮಂಜು. ಮೋರಿ ಉಂಟು, ಮಿನಾರು ಉಂಟು, ಟವರ್ ಮಸುಕಾಗಿ ಉಂಟು, ಘಟ್ಟ ಇಲ್ಲ. ಬರೆದೆ. ಫೋಟೋ ತೆಗೆದು "ಇವತ್ತು ಮಂಜು ತೆಳು, ಟವರ್ ಸಿಕ್ಕಿದೆ" ಎಂದು ಹಾಕಿದೆ. ಕೆಳಗೆ ಇಳಿದು ಸುಡುಮಣ್ಣಿನ ಹತ್ತಿರ ಹೋದರೆ ಒಂದು ಬದಿ ಮಣ್ಣು ಜಾರಿ ಕೆಂಡ ಕಾಣುತ್ತಿತ್ತು. ಹಾಗೇ ಬಿಟ್ಟರೆ ಹತ್ತಿ ಉರಿದು ಬೂದಿಯಾಗುತ್ತದೆ. ಹಿಂದಿನ ದಿನ ಕಿತ್ತ ಕಳೆಯ ರಾಶಿ ಪಕ್ಕದಲ್ಲೇ ಇತ್ತು, ಇಬ್ಬನಿಗೆ ನೆನೆದು ತೊಪ್ಪೆಯಾಗಿತ್ತು. ಎರಡು ಬುಟ್ಟಿ ಎತ್ತಿ ಹಾಕಿದೆ. ಮೇಲೆ ಮಣ್ಣು ಎಳೆದೆ. ಹಳದಿ ಬಿಳುಪಿನ ದಪ್ಪ ಹೊಗೆ ಹೊರಟಿತು. ಚಳಿಗೆ ಮೇಲೆ ಹೋಗದೆ ಬರೆಯನ್ನು ಹತ್ತಿ ರಸ್ತೆಯ ಮೇಲೆ ಮಲಗಿತು. ನಾನು ನೋಡಿದ್ದೇನೆ. ನೋಡಿ, ಒಳ್ಳೆಯದಾಯಿತು, ಬೆಂಕಿ ಕೂತಿತು ಎಂದುಕೊಂಡು ಕೈ ತೊಳೆಯಲು ಹೋದೆ.

ಏಳೂಕಾಲಕ್ಕೆ ಬ್ರೇಕಿನ ಶಬ್ದ. ಆಮೇಲೆ ಪಾತ್ರೆ ಉರುಳಿದ ಶಬ್ದ.

ಓಡಿ ಮೇಲೆ ಹೋದೆವು. ಮೀನಿನ ಪಿಕಪ್ ರಸ್ತೆಗೆ ಅಡ್ಡ ನಿಂತಿತ್ತು. ದಿನಾ ಮಂಗಳೂರಿನ ಬಂದರಿನ ಧಕ್ಕೆಯಿಂದ ಮೀನು ತಂದು ನಮ್ಮ ಕಡೆಗೆಲ್ಲ ಮಾರುವ ಬ್ಯಾರಿ ಮುಸ್ಲಿಮರು ಅವರು. ನಾವೆಲ್ಲ ಇಚ್ಚ, ಎಂದರೆ ಅಣ್ಣ ಎಂದೇ ಕರೆಯುವುದು. ನನಗಿಂತ ನಾಲ್ಕು ವರ್ಷಕ್ಕಾದರೂ ದೊಡ್ಡವರು, ಆದರೂ ನನ್ನನ್ನು ಅಕ್ಕ ಎನ್ನುತ್ತಾರೆ. ರಸ್ತೆಯ ಬದಿಯಲ್ಲಿ ಬಿದ್ದಿದ್ದವಳು ಸೊಸೈಟಿಗೆ ಹಾಲು ಕೊಂಡುಹೋಗುತ್ತಿದ್ದ ಪಕ್ಕದ ಮನೆಯವಳು. ಹಾಲು ಡಾಮರಿನ ಮೇಲೆ ಹರಿಯುತ್ತಿತ್ತು. ಅವಳ ಕಾಲು ಇರಬಾರದ ರೀತಿಯಲ್ಲಿ ಇತ್ತು. ಇಚ್ಚ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಕಾಣ್ಲಿಲ್ಲ, ಕಾಣ್ಲಿಲ್ಲ" ಎನ್ನುತ್ತಿದ್ದರು. ನನ್ನ ಕಣ್ಣಿನಲ್ಲಿ ನೀರು ಬರುತ್ತಿತ್ತು. ಗಂಡ ಕೆಮ್ಮುತ್ತಿದ್ದರು. ಆಗಲೂ ನನ್ನ ಬಾಯಿಂದ ಬಂದ ಮಾತು, "ಈ ಹಾಳು ಮಂಜು."

ಅದೇ ಪಿಕಪ್ಪಿನಲ್ಲಿ ಮೀನಿನ ಬಾಕ್ಸ್ ಇಳಿಸಿ ಅವಳನ್ನು ಕಡಬಕ್ಕೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಪುತ್ತೂರಿಗೆ. ಜೀವ ಉಳಿಯಿತು. ಸೊಂಟದ ಎಲುಬು ಮುರಿದಿತ್ತು, ತೊಡೆಗೆ ರಾಡ್ ಹಾಕಿದರು.

ಸಂಜೆಗೆ ಪೊಲೀಸರು ಇಚ್ಚನ ಮೇಲೆ ಕೇಸು ಬರೆದರು. ಅತಿವೇಗ, ನಿರ್ಲಕ್ಷ್ಯ. ಗಾಡಿಯೂ ಲೈಸೆನ್ಸೂ ಠಾಣೆಗೆ. ಇಚ್ಚ ಹೇಳಿದ್ದು ಒಂದೇ ಮಾತು: ತಿರುವಿಗೆ ಬರುವವರೆಗೆ ರಸ್ತೆ ಕಾಣುತ್ತಿತ್ತು, ತಿರುವಿನಲ್ಲಿ ಏಕಾಏಕಿ ಬಿಳಿ ಗೋಡೆ. ಯಾರು ನಂಬುತ್ತಾರೆ? ಮಂಜು ಹಾಗೆ ಒಂದು ತಿರುವಿಗೆ ಮಾತ್ರ ಬರುತ್ತದಾ? ಅದೂ ಅಲ್ಲದೆ ಊರಿನವರ ಕೈಯಲ್ಲಿ ಸಾಕ್ಷಿ ಇತ್ತಲ್ಲ. ನನ್ನ ಪೋಸ್ಟ್. "ಇವತ್ತು ಮಂಜು ತೆಳು, ಟವರ್ ಸಿಕ್ಕಿದೆ." ಏಳಕ್ಕೆ ಹತ್ತು ನಿಮಿಷದ ಫೋಟೋ. ವಾಟ್ಸಾಪಿನಲ್ಲಿ ಅದು ಊರೆಲ್ಲ ಓಡಿತು. ವಿಜ್ಞಾನದ ಟೀಚರೇ ಹಾಕಿದ್ದಾರೆ, ಮಂಜು ಇರಲೇ ಇಲ್ಲ, ಇವ ಸುಳ್ಳು ಹೇಳುತ್ತಾನೆ ಎಂದು. ಗಾಯಗೊಂಡವಳ ಮಕ್ಕಳ ಕೈಗೂ ಹೋಯಿತು. ಕೆಲವರ ಮಾತು ಗಾಡಿಯಿಂದ ಅವರ ಜಾತಿಗೆ ಹೋಯಿತು. ಆ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ನನಗೆ ಲೈಕು ಬರುತ್ತಾ ಇತ್ತು.

ನಾನು ಆ ಪೋಸ್ಟ್ ತೆಗೆಯಲಿಲ್ಲ. ತೆಗೆದರೆ ಯಾಕೆ ಎಂದು ಕೇಳುತ್ತಾರೆ.

ಎರಡನೇ ದಿನ ಸುಡುಮಣ್ಣಿಗೆ ನೀರು ಹೊಯ್ದು ಆರಿಸಿದೆ. ಗಂಡ ಕಂಡರು. ಅವರಿಗೆ ಅರ್ಥವಾಯಿತು ಎಂದು ನನಗೆ ಅರ್ಥವಾಯಿತು. ರಾತ್ರಿ ಊಟಕ್ಕೆ ಕೂತಾಗ ನಾನೇ ಬಾಯಿ ತೆಗೆದೆ.

"ಅದು ನಮ್ಮ ಹೊಗೆ ಆಗಿರ್ಬಹುದಾ?"

"ಊರಿಡೀ ಸುಡುಮಣ್ಣು ಉಂಟು ಮಾರಾಯ್ತಿ."

"ಆ ತಿರುವಿನಲ್ಲಿ ನಮ್ಮದು ಮಾತ್ರ ಇರುದು."

ಅವರು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು. "ಯಾರಾದ್ರೂ ಕೇಳಿದ್ದಾರಾ ನಿನ್ನತ್ರ? ಇಲ್ವಲ್ಲ. ಮತ್ತೆ ನೀನ್ಯಾಕೆ ಹೋಗಿ ತಲೆ ಕೊಡುದು? ನಾಳೆ ಕೇಸು ನಿನ್ನ ಮೇಲೆ ತಿರುಗ್ತದೆ. ಕೆಲಸ ಹೋಗ್ತದೆ. ಪಕ್ಕದ ಮನೆಯವ್ರು ಮತ್ತೆ ನಮ್ಮ ಮುಖ ನೋಡ್ತಾರಾ?"

ಅವರನ್ನು ಬೈಯಬೇಡಿ. ಅವರು ಹೇಳಿದ್ದೆಲ್ಲ ನಾನು ಮೊದಲೇ ನನಗೆ ಹೇಳಿಕೊಂಡದ್ದು. ಅವರು ಜೋರಾಗಿ ಹೇಳಿದರು, ಅಷ್ಟೇ ವ್ಯತ್ಯಾಸ.

ಒಂಬತ್ತನೇ ದಿನ ತಂಡದ ಹುಡುಗಿ ಫೋನ್ ಮಾಡಿದಳು. ಯಂತ್ರದ ಲೆಕ್ಕ ನೋಡುವವಳು ಅವಳು, ಪಿಎಚ್‌ಡಿ ಮಾಡುತ್ತಿದ್ದಾಳೆ. ಘಟ್ಟದ ಮೇಲಿನ ಊರಿನವಳು, ಬಹಳ ಮರ್ಯಾದೆಯಿಂದ ಮಾತಾಡುತ್ತಾಳೆ.

"ಮೇಡಂ, ಹೋದ ವಾರ ಮಂಗಳವಾರ ಬೆಳಗ್ಗೆ ಏಳು ಐದರಿಂದ ಒಂದು ಇಪ್ಪತ್ತು ನಿಮಿಷ ಗೆರೆ ಫುಲ್ ಮೇಲೆ ಹೋಗಿ ಕೂತ್ಬಿಟ್ಟಿದೆ. ಮೆಷಿನ್ ಅದಕ್ಕಿಂತ ಮೇಲೆ ಅಳೆಯೋದೇ ಇಲ್ಲ. ಏನಾಗಿತ್ತು ಅಲ್ಲಿ?"

"ಮಂಜು ಇತ್ತು," ಎಂದೆ.

ಆಕೆ ನಕ್ಕಳು. ಗೇಲಿಯಲ್ಲ, ಟೀಚರಿಗೆ ಮರೆತುಹೋಗಿದೆ ಎನ್ನುವ ನಗು. "ಮೇಡಂ, ಮಂಜು ನಮ್ಮ ಮೆಷಿನ್ನಿಗೆ ಕಾಣಲ್ಲ ಅಲ್ವಾ? ಕೊಳವೆಯಲ್ಲೇ ಗಾಳಿನ ಬಿಸಿ ಮಾಡ್ತೀವಿ. ನೀರಿನ ಹನಿ ಒಣಗಿ ಹೋಗತ್ತೆ. ಒಳಗೆ ಬರೋದು ಬರೀ ಒಣ ಕಣ. ಇದು ಹೊಗೇನೇ. ಹತ್ತಿರದಲ್ಲೇ ಯಾರೋ ಏನೋ ಸುಟ್ಟಿದಾರೆ. ಯಾರು ಅಂತ ಗೊತ್ತಾದ್ರೆ ಪುಸ್ತಕದಲ್ಲಿ ಬರೆದುಬಿಡಿ, ಆ ಇಪ್ಪತ್ತು ನಿಮಿಷ ನಾನು ತೆಗೆದುಹಾಕ್ತೀನಿ."

ತೆಗೆದುಹಾಕುತ್ತಾಳೆ. ಅದು ಕ್ರಮವೇ. ಅವರಿಗೆ ಬೇಕಾದದ್ದು ಇಡೀ ಪ್ರದೇಶದ ಗಾಳಿ, ನನ್ನ ಮನೆಯ ಹಿತ್ತಿಲಿನ ಹೊಗೆಯಲ್ಲ. ನಾನು ಒಂದು ಸಾಲು ಬರೆದರೆ ಸಾಕು, ಆ ಇಪ್ಪತ್ತು ನಿಮಿಷ ಅವರ ಲೆಕ್ಕದಿಂದಲೇ ಹೋಗುತ್ತದೆ. ಫೋನ್ ಇಟ್ಟ ಮೇಲೆ ನನಗೆ ಮೊದಲು ಬಂದದ್ದು ನಿರಾಳ. ನಾಚಿಕೆ ಅಲ್ಲ, ನಿರಾಳ. ಇದನ್ನು ಬರೆಯದಿದ್ದರೆ ಉಳಿದದ್ದು ಬರೆದೂ ಪ್ರಯೋಜನವಿಲ್ಲ.

ಕೊಳವೆ ಬಿಸಿ ಮಾಡುವ ವಿಷಯ ನನಗೆ ಗೊತ್ತಿಲ್ಲದ್ದಲ್ಲ. ಆ ಹೀಟರ್ ಕೆಟ್ಟಾಗ ಬದಲಿಸಿದವಳೇ ನಾನು. ತೇವದ ಗಾಳಿಯಲ್ಲಿ ಹೊಗೆಯ ಕಣ ನೀರು ಹೀರಿ ಊದುತ್ತದೆ, ಊದಿದ ಕಣ ಇನ್ನೂ ಹೆಚ್ಚು ಬೆಳಕು ಚೆದರಿಸುತ್ತದೆ, ಹಾಗಾಗಿ ಮಂಜಿನ ಬೆಳಗ್ಗೆ ಹೊಗೆ ಬಿದ್ದರೆ ಎರಡೂ ಸೇರಿ ಗೋಡೆಯಾಗುತ್ತದೆ. ಇದೂ ಗೊತ್ತಿತ್ತು. ಇಚ್ಚ ಹೇಳಿದ್ದು ಅದನ್ನೇ. ಅವರು ಅಳತೆ ಕಲಿತವರಲ್ಲ, ಕಂಡದ್ದನ್ನು ಸರಿಯಾಗಿ ಹೇಳಿದರು. ಕಲಿತ ನಾನು ಮಂಜು ಎಂದೆ.

ಮತ್ತೂ ಎರಡು ದಿನ ಸುಮ್ಮನಿದ್ದೆ. ಹನ್ನೊಂದನೇ ದಿನ ಪುತ್ತೂರಿನ ಆಸ್ಪತ್ರೆಗೆ ಹೋದೆ, ಪಕ್ಕದ ಮನೆಯವಳನ್ನು ನೋಡಲಿಕ್ಕೆ. ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಹೋದದ್ದು. ಮುಸುಂಬಿ ತೆಗೆದುಕೊಂಡು ಹೋಗಿದ್ದೆ. ಕಾಲಿಗೆ ಭಾರ ಕಟ್ಟಿ ಮಲಗಿಸಿದ್ದರು. ಮಗಳು ಮಾತ್ರೆ ತರಲು ಕೆಳಗೆ ಹೋಗಿದ್ದಳು.

"ದನ ಯಾರು ಕರೀತಾರೆ?" ಎಂದು ಕೇಳಿದೆ.

"ಮಗ. ಅವನಿಗೆ ಅದು ಒದೀತದೆ. ಒದೀಲಿ, ಒಳ್ಳೇದೇ ಆಯ್ತು," ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಟೀಚರೇ, ನಿಮ್ಮತ್ರ ಒಂದು ಕೇಳ್ಬೇಕು ಅಂತ ಇತ್ತು. ನೀವು ಕಲಿಸುವವ್ರು ಅಲ್ವಾ. ಮಂಜಿಗೆ ಕಣ್ಣು ಉರೀತದಾ?"

ನಾನು ಮುಸುಂಬಿಯ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದೆ.

"ಅಲ್ಲ, ನನಗೆ ಆ ದಿನ ಕಣ್ಣು ಉರಿದದ್ದು ನೆನಪುಂಟು. ಕಣ್ಣು ಉರೀತದೆ ಅಂತ ಸೆರಗಲ್ಲಿ ಒರಸ್ಲಿಕ್ಕೆ ನಿಂತದ್ದು ನಾನು. ರಸ್ತೆಯಲ್ಲೇ ನಿಂತೆ. ಮಕ್ಕಳತ್ರ ಹೇಳಿದ್ರೆ ಮಂಜಲ್ವಾ ಅಮ್ಮ ಅಂತಾರೆ. ಮಂಜಿಗೆ ತಂಪಾಗ್ಬೇಕಲ್ಲ ಕಣ್ಣು?"

"ಉರಿಯುದಿಲ್ಲ," ಎಂದೆ.

"ಮತ್ತೆ ಅದು ಎಂತ?"

ಹೇಳಿದೆ. ಕಳೆ ಹಾಕಿದ್ದು, ಮಣ್ಣು ಎಳೆದದ್ದು, ಹೊಗೆ ರಸ್ತೆಗೆ ಹೋದದ್ದನ್ನು ಕಂಡದ್ದು, ಆಮೇಲೆ ಕೈ ತೊಳೆದದ್ದು. ಯಂತ್ರದ ಗೆರೆಯನ್ನೂ ಹೇಳಿದೆ. ಅವಳು ಮೇಲೆ ತಿರುಗುತ್ತಿದ್ದ ಫ್ಯಾನನ್ನೇ ನೋಡುತ್ತಾ ಕೇಳಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಸುಲಭವಿತ್ತು.

ಕೊನೆಗೆ ಕೇಳಿದಳು, "ಆ ಮೀನಿನವನಿಗೆ ಹೇಳಿದ್ರಾ?"

"ಇಲ್ಲ."

"ನನಗೆ ಹೇಳಿ ಎಂತ ಮಾಡುದು ಟೀಚರೇ? ನನ್ನ ಕಾಲು ಹಿಂದೆ ಬರ್ತದಾ? ನನ್ನ ಮಕ್ಕಳು ಅವನನ್ನು ಬಿಡುದಿಲ್ಲ ಅಂತ ಕೂತಿದ್ದಾರೆ. ಮೊನ್ನೆ ಅವ ಇಲ್ಲಿಗೆ ಬಂದಿದ್ದ, ಬಾಗಿಲಲ್ಲೇ ನಿಲ್ಸಿ ಕಳ್ಸಿದ್ರು. ನಾನು ಕಣ್ಣು ಮುಚ್ಚಿ ಮಲಗಿದ್ದೆ." ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು. "ನೀವು ಈಗ ಹೋಗಿ. ಮಗಳು ಬರ್ತಾಳೆ. ಅವಳಿಗೆ ನಾನೇ ಹೇಳ್ತೇನೆ."

ಮುಸುಂಬಿ ಮೇಜಿನ ಮೇಲಿಟ್ಟು ಬಂದೆ. ಬಸ್ಸಿನಲ್ಲಿ ಕೂತು ತಂಡದ ಹುಡುಗಿಗೆ ಫೋನ್ ಮಾಡಿ, ಆ ಇಪ್ಪತ್ತು ನಿಮಿಷ ತೆಗೆಯಬೇಡ, ಆ ದಿನದ ಗ್ರಾಫನ್ನು ಪ್ರಿಂಟ್ ತೆಗೆಯುವ ಹಾಗೆ ಕಳಿಸು ಎಂದೆ. ಯಾಕೆ ಎಂದೂ ಹೇಳಿದೆ. "ಕಳಿಸ್ತೀನಿ ಮೇಡಂ. ಸರ್ ಹತ್ರಾನೂ ಹೇಳ್ಬೇಕಾಗತ್ತೆ," ಎಂದಳು. ಹೇಳು ಎಂದೆ.

ಕಡಬದಲ್ಲಿ ಇಳಿದು ಪ್ರಿಂಟ್ ತೆಗೆಸಿಕೊಂಡು ನೇರ ಠಾಣೆಗೆ. ಎಸ್‌ಐ ಕಾಗದವನ್ನು ಅಡ್ಡ ಹಿಡಿದು ನೋಡಿದರು, ಉದ್ದ ಹಿಡಿದು ನೋಡಿದರು. "ಇದು ಎಂತ, ಇಸಿಜಿಯಾ?" ಎಂದರು. ವಿವರಿಸಿದೆ. ಹೊಗೆ ಎನ್ನುವುದು ಅವರಿಗೆ ಕೂಡಲೇ ಅರ್ಥವಾಯಿತು. ಅವರ ಮನೆಯಲ್ಲೂ ಸುಡುಮಣ್ಣು ಉಂಟಂತೆ.

"ಸರಿ. ಹೊಗೆ ಯಾರದ್ದು?"

"ನಂದು."

ಅವರು ಪೆನ್ನು ಕೆಳಗಿಟ್ಟರು. "ಬರ್ಕೊಳ್ಬೇಕಾ ಮೇಡಂ? ಬರ್ದ್ರೆ ಮತ್ತೆ ಕೋರ್ಟಿಗೆ ಬರ್ಬೇಕು. ನಿಮ್ಮ ಮೇಲೆ ಎಂತ ಆಗ್ತದೆ ಅಂತ ನನಗೆ ಈಗ ಹೇಳ್ಲಿಕ್ಕಾಗುದಿಲ್ಲ. ಇದು ಅವನ ಕೇಸನ್ನು ತೆಗೀತದೆ ಅಂತಲೂ ಹೇಳುದಿಲ್ಲ. ಮಂಜು, ಹೊಗೆ ಎಂತದೇ ಇರ್ಲಿ, ಕಾಣದಿದ್ರೆ ನಿಧಾನ ಹೋಗ್ಬೇಕು ಅಂತ ಉಂಟು."

"ಬರ್ಕೊಳ್ಳಿ," ಎಂದೆ.

ಅಲ್ಲಿಂದ ಇಚ್ಚನ ಮನೆಗೆ. ಅವರು ಅಂಗಳದಲ್ಲಿ ಕುರ್ಚಿ ಹಾಕಿ ಕೂತಿದ್ದರು. ದಿನಾ ಮೂರು ಗಂಟೆಗೆ ಎದ್ದು ಧಕ್ಕೆಗೆ ಓಡುತ್ತಿದ್ದ ಮನುಷ್ಯ, ಸಂಜೆ ನಾಲ್ಕಕ್ಕೆ ಗಡ್ಡ ಬೆಳೆಸಿಕೊಂಡು ಸುಮ್ಮನೆ ಕೂತಿದ್ದರು. ನನ್ನನ್ನು ಕಂಡು ಎದ್ದು, "ಬನ್ನಿ ಅಕ್ಕ," ಎಂದು ಕುರ್ಚಿ ಬಿಟ್ಟುಕೊಟ್ಟರು. ನಾನು ನಿಂತೇ ಹೇಳಿದೆ. ಒಂದೂ ಬಿಡದೆ ಹೇಳಿದೆ. ಅವರ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು. ಅವಳ ಮುಖ ಬದಲಾಗುವುದು ನನಗೆ ಕಾಣುತ್ತಿತ್ತು.

"ಹನ್ನೊಂದು ದಿನ ಆಯ್ತಲ್ಲ ಟೀಚರೇ," ಎಂದಳು ಆಕೆ. ಜೋರಾಗಿ ಅಲ್ಲ.

"ಹೌದು," ಎಂದೆ.

ಇಚ್ಚ ಕೈ ಎತ್ತಿ ಅವಳನ್ನು ತಡೆದರು. "ಅಕ್ಕ, ನಾನು ಮೊನ್ನೆ ಪುತ್ತೂರಿಗೆ ಕಣ್ಣು ತೋರಿಸ್ಲಿಕ್ಕೆ ಹೋಗಿದ್ದೆ. ಆಸ್ಪತ್ರೆಗೆ ಆ ಹಾಲಿನವರನ್ನು ನೋಡ್ಲಿಕ್ಕೆ ಅಂತ ಮನೆಯಲ್ಲಿ ಹೇಳಿದ್ದು, ಅದೂ ಹೋದೆ, ಆದ್ರೆ ಮೊದಲು ಕಣ್ಣಿನ ಡಾಕ್ಟ್ರ ಹತ್ರ ಹೋದದ್ದು. ಎಲ್ಲ ಹೇಳ್ತಾರೆ ಟವರ್ ಕಾಣ್ತಿತ್ತು ಅಂತ. ನಿಮ್ಮ ಫೋಟೋದಲ್ಲಿಯೂ ಕಾಣ್ತದೆ. ನನಗೆ ಮಾತ್ರ ಎದುರು ಎಂತದೂ ಇರ್ಲಿಲ್ಲ. ಹಾಗಾದ್ರೆ ನನ್ನ ಕಣ್ಣೇ ಹೋಯ್ತಾ ಅಂತ. ಡಾಕ್ಟ್ರು ಎಲ್ಲ ಅಕ್ಷರ ಓದಿಸಿ, ಕಣ್ಣು ಲಾಯ್ಕ ಉಂಟು, ಎಂತ ಆಗ್ಲಿಲ್ಲ ಅಂದ್ರು. ಆಗ ಇನ್ನೂ ಹೆದರಿಕೆ ಆಯ್ತು."

"ಯಾಕೆ?"

"ಕಣ್ಣು ಸರಿ ಉಂಟಲ್ಲ. ಹಾಗಾದ್ರೆ ನಾನು ನಿದ್ದೆ ಮಾಡಿದ್ದು. ಇಲ್ಲಾ ನಾನು ಕಾಣ್ಲಿಲ್ಲ ಅಂತ ನನಗೇ ಸುಳ್ಳು ಹೇಳಿಕೊಂಡದ್ದು. ಆವತ್ತಿಂದ ಅದನ್ನೇ ಆಲೋಚನೆ ಮಾಡ್ತಾ ಇದ್ದೆ. ನಿನ್ನೆ ಇವಳತ್ರ ಹೇಳಿದೆ, ನಾನಿನ್ನು ಗಾಡಿ ಮುಟ್ಟುದಿಲ್ಲ ಅಂತ. ಕೋರ್ಟಲ್ಲಿಯೂ ತಪ್ಪಾಯ್ತು ಅಂತ ಒಪ್ಪಿಕೊಳ್ಳುವ ಅಂತ."

ಅವರು ಕುರ್ಚಿಯ ಬೆನ್ನು ಹಿಡಿದುಕೊಂಡು ಕೇಳಿದರು.

"ಎಷ್ಟು ಕಾಣ್ತಿತ್ತು ಅಕ್ಕ, ಆಗ? ನಿಮ್ಮ ಮೆಷಿನಲ್ಲಿ ಬರ್ಲಿಕ್ಕುಂಟಲ್ಲ?"

"ಬರ್ಲಿಲ್ಲ ಇಚ್ಚ. ಅದಕ್ಕೆ ಅಳೀಲಿಕ್ಕೆ ಆಗುವಷ್ಟಕ್ಕಿಂತ ಹೆಚ್ಚು ದಪ್ಪ ಇತ್ತು. ಮೇಲೆ ಹೋಗಿ ನಿಂತುಬಿಟ್ಟಿದೆ."

"ಅಂದ್ರೆ ಯಾರಿಗೂ ಕಾಣ್ಲಿಕ್ಕಿಲ್ಲ?"

"ಯಾರಿಗೂ."

ಅವರು ಒಳಗೆ ಹೋದರು. ಹಿಂದೆ ಬರುವಾಗ ಮಗಳ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ, ಒಂದು ಪೆನ್ನು ಅವರ ಕೈಯಲ್ಲಿತ್ತು. ಠಾಣೆಯಲ್ಲಿ ಬರೆದುಕೊಟ್ಟು ಬಂದಿದ್ದೇನೆ, ಅದರ ನಕಲು ಸಿಗುತ್ತದೆ ಎಂದು ಹೇಳಿದೆ.

"ಅದು ಕೋರ್ಟಿಗೆ. ಇದು ನನಗೆ," ಎಂದರು. "ಈಗ ಹೇಳಿದ್ದನ್ನು ಬರೀರಿ. ಕನ್ನಡದಲ್ಲೇ ಬರೀರಿ. ಯಾರಿಗೂ ಕಾಣ್ಲಿಕ್ಕಿಲ್ಲ ಇತ್ತು ಅಂತ."

ಮಂಡಿಯ ಮೇಲಿಟ್ಟು ಬರೆದೆ. ಅಕ್ಷರ ಸರಿಯಾಗಲಿಲ್ಲ. ಅವರು ತೆಗೆದುಕೊಂಡು ಎರಡು ಸಲ ಓದಿ, ಹಾಳೆಯನ್ನು ಮತ್ತೆ ನನ್ನ ಕೈಗೇ ಕೊಟ್ಟರು.

"ಸಹಿ ಸಾಕಾಗುದಿಲ್ಲ ಅಕ್ಕ. ಹೆಸರು ಪೂರ್ತಿ ಬರೀರಿ."